ಗಣಕಯಂತ್ರದ ಜ್ವರಕ್ಕೆ ಮನೆಮದ್ದು

ಜ್ವರ ಬಂದು ಮಲಗಿದವನನ್ನು ಮುದುಕನಾದನೆಂದು ಯಾರೂ ಮೂಲೆಗೆ ತಳ್ಳುವುದಿಲ್ಲ. ಹಣೆ ಮುಟ್ಟಿ ನೋಡುತ್ತಾರೆ, ಕಷಾಯ ಕಾಸಿ ಕೊಡುತ್ತಾರೆ, ಎರಡು ದಿನ ಕಾಯುತ್ತಾರೆ. ಗಣಕಯಂತ್ರದ ಪಾಲಿಗೆ ಮಾತ್ರ ಈ ಕರುಣೆ ಇಲ್ಲ. ಕೊಂಡು ನಾಲ್ಕೈದು ವರ್ಷವಾದ ಯಂತ್ರ ಒಂದು ಮಧ್ಯಾಹ್ನ ಏದುಸಿರು ಬಿಡತೊಡಗುತ್ತದೆ. ಫ್ಯಾನು ಹೊಯ್ಲಿಡುತ್ತದೆ, ಒಂದು ಕಡತ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ತಾನಾಗಿಯೇ ಆರಿಹೋಗುತ್ತದೆ. ಪೇಟೆಯ ಅಂಗಡಿಗೆ ಒಯ್ದರೆ ಬರುವ ತೀರ್ಪು ಬಹುತೇಕ ಒಂದೇ: "ಇದು ಹಳೇದಾಯ್ತು, ಹೊಸತು ತಗೊಳ್ಳಿ."

ಮಲೆನಾಡಿನ ಸಾಧಾರಣ ಕುಟುಂಬಕ್ಕೆ ಈ ತೀರ್ಪು ಹಗುರವಾದದ್ದಲ್ಲ. ಹೊಸ ಲ್ಯಾಪ್‌ಟಾಪಿಗೆ ಬೇಕಾಗುವ ಮೂವತ್ತು, ನಲವತ್ತು ಸಾವಿರ ರೂಪಾಯಿ ಎಂದರೆ ಅಡಿಕೆಯ ಕೊಯ್ಲು ಮುಗಿಯುವತನಕ ಕಾಯಬೇಕು, ಇಲ್ಲವೇ ಸೊಸೈಟಿಯಲ್ಲಿ ಸಾಲ ಎತ್ತಬೇಕು. ಎರಡೂ ಆಗದ ಮನೆಯ ಮಕ್ಕಳು ಮೊಬೈಲಿನ ಅಂಗೈಯಗಲದ ತೆರೆಯ ಮೇಲೆ ಪ್ರಾಜೆಕ್ಟ್ ವರದಿ ಬರೆಯುತ್ತಾರೆ. ಆದ್ದರಿಂದ ತೀರ್ಪನ್ನು ಒಪ್ಪಿಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಯಂತ್ರಕ್ಕೆ ಬಂದಿರುವುದು ಮುಪ್ಪೋ, ಜ್ವರವೋ?

ಅನೇಕ ಸಲ ಅದು ಜ್ವರವೇ ಆಗಿರುತ್ತದೆ. ಆ ಜ್ವರವನ್ನು ಇಳಿಸುವ ಮನೆಮದ್ದುಗಳು ಇವೆ, ಅಗ್ಗವಾಗಿಯೂ ಇವೆ. ಅವುಗಳನ್ನು ಕಲಿಯುವುದು ಹಣ ಉಳಿಸುವ ಜಾಣತನವಷ್ಟೇ ಆಗಿದ್ದರೆ ಪರಿಸರದ ಪತ್ರಿಕೆಯಲ್ಲಿ ಅದರ ಚರ್ಚೆಗೆ ಹೆಚ್ಚಿನ ಎಡೆ ಇರುತ್ತಿರಲಿಲ್ಲ. ಶಾಖವನ್ನು ಹೇಗೆ ಇಳಿಸಬೇಕು, ಇಳಿಸಿ ಪಡೆದ ತಂಪನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆಗಳು ಕಾಡು, ನದಿ, ವಿದ್ಯುತ್ತು, ಕಸ ಎಲ್ಲವನ್ನೂ ತಟ್ಟುತ್ತವೆ.

ಉಗುರಿನಷ್ಟು ಜಾಗದ ಒಲೆ

ಪ್ರೊಸೆಸರ್ ಗಣಕದ ಮಿದುಳು ಎಂಬ ಮಾತು ಶಾಲೆಯ ಮಕ್ಕಳಿಗೂ ಗೊತ್ತು. ಅದು ಒಲೆಯೂ ಹೌದೆಂಬುದು ಅಷ್ಟಾಗಿ ಗೊತ್ತಿಲ್ಲ. ಪ್ರೊಸೆಸರ್ ಹೀರುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 65 ವ್ಯಾಟಿನ ಪ್ರೊಸೆಸರ್ ಪೂರ್ಣ ಕೆಲಸದಲ್ಲಿದ್ದಾಗ ಹೊಮ್ಮಿಸುವ ಬಿಸಿ, ಹಿಂದೆ ಮನೆಮನೆಯಲ್ಲಿದ್ದ 60 ವ್ಯಾಟಿನ ಬುರುಡೆ ಬಲ್ಬಿನ ಬಿಸಿಗಿಂತ ತುಸು ಹೆಚ್ಚು. ಬಲ್ಬಿಗಾದರೋ ಕಿತ್ತಳೆಯಷ್ಟು ದೊಡ್ಡ ಮೈ ಇತ್ತು. ಪ್ರೊಸೆಸರಿನಲ್ಲಿ ಅಷ್ಟೂ ಬಿಸಿ ಹುಟ್ಟುವುದು ಹೆಬ್ಬೆರಳ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ.

ಆ ಬಿಸಿ ಹೊರಬೀಳುವ ದಾರಿ ಸರಳವಾದುದು. ಬಿಲ್ಲೆಯ ಮೇಲೆ ತಾಮ್ರ ಅಥವಾ ಅಲ್ಯೂಮಿನಿಯಂನ ಹೀಟ್ ಸಿಂಕ್ ಕೂತಿರುತ್ತದೆ. ಲೋಹದ ಎರಡು ಮೈಗಳು ಎಷ್ಟೇ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ತಗ್ಗುಗಳಿದ್ದು, ಅವುಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿ ಶಾಖವನ್ನು ಬಿಟ್ಟುಕೊಡದ ಜಿಪುಣ. ತಾಮ್ರ ದಾಟಿಸುವ ಶಾಖದ ಹತ್ತು ಸಾವಿರದಲ್ಲಿ ಒಂದು ಪಾಲನ್ನೂ ಅದು ದಾಟಿಸುವುದಿಲ್ಲ. ಆ ತಗ್ಗು ತುಂಬಲೆಂದೇ ಥರ್ಮಲ್ ಪೇಸ್ಟ್ ಎಂಬ ಲೇಪವಿದೆ. ಲೇಪದಿಂದ ಲೋಹಕ್ಕೆ, ಲೋಹದ ರೆಕ್ಕೆಗಳಿಂದ ಫ್ಯಾನು ಬೀಸುವ ಗಾಳಿಗೆ, ಗಾಳಿಯಿಂದ ಕೋಣೆಗೆ ಶಾಖ ಹರಿಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕೆಟ್ಟರೂ ಬಿಸಿ ಒಳಗೇ ಮಡುಗಟ್ಟುತ್ತದೆ.

ಹಾಗೆ ಮಡುಗಟ್ಟಿದಾಗ ಇಂದಿನ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪುತ್ತಿದ್ದಂತೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಗಂಟಲೊಣಗಿದ ಎತ್ತು ಏರಿನಲ್ಲಿ ಹೆಜ್ಜೆ ನಿಧಾನಿಸುವಂತೆ. ಬಳಸುವವರಿಗೆ ಕಾಣುವುದು ನಿಧಾನಗತಿ ಮಾತ್ರ. ಅದರ ಕಾರಣ ಕಾಣುವುದಿಲ್ಲ. ಯಂತ್ರ ತನ್ನನ್ನು ಉಳಿಸಿಕೊಳ್ಳಲು ಹೂಡಿದ ಉಪಾಯವೇ ಅದಕ್ಕೆ ಮುಪ್ಪಿನ ಹಣೆಪಟ್ಟಿ ಅಂಟಿಸುತ್ತದೆ ಎಂಬುದು ವಿಪರ್ಯಾಸ.

ತಂಪಿನ ಹವ್ಯಾಸಿಗಳು

ಮನೆಯಲ್ಲೇ ಪ್ರೊಸೆಸರ್ ತಣಿಸುವ ವಿದ್ಯೆ ಹುಟ್ಟಿದ್ದು ಉಳಿತಾಯದ ಆಸೆಯಿಂದಲ್ಲ, ವೇಗದ ಆಸೆಯಿಂದ. 1998ರಲ್ಲಿ ಮಾರುಕಟ್ಟೆಗೆ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸಿ ಓಡಿಸಬಹುದೆಂದು ಹವ್ಯಾಸಿಗಳು ಕಂಡುಕೊಂಡರು. ಏರಿದ ವೇಗಕ್ಕೆ ಏರಿದ ಬಿಸಿ ಬಂತು, ಏರಿದ ಬಿಸಿಗೆ ಹೊಸ ಉಪಾಯಗಳು ಬಂದವು. ಅಮೆರಿಕ, ಯೂರೋಪುಗಳ ಗ್ಯಾರೇಜುಗಳಲ್ಲಿ ಯುವಕರು ತಾಮ್ರದ ತುಂಡನ್ನು ಕೊರೆದು ನೀರು ಹರಿಯುವ ಕಾಲುವೆ ಮಾಡಿದರು. ಗುಜರಿ ಕಾರಿನ ಹೀಟರಿನಿಂದ ಕಿತ್ತ ರೇಡಿಯೇಟರ್, ಮೀನು ಸಾಕುವ ತೊಟ್ಟಿಯ ಪಂಪು, ಪ್ಲಾಸ್ಟಿಕ್ ಕೊಳವೆಗಳನ್ನು ಜೋಡಿಸಿ ಗಣಕಕ್ಕೆ ನೀರಿನ ತಂಪು ಕೊಟ್ಟರು. ಅಡುಗೆ ಎಣ್ಣೆಯಲ್ಲಿ ಇಡೀ ಮದರ್‌ಬೋರ್ಡನ್ನು ಮುಳುಗಿಸಿ ನೋಡಿದವರೂ ಉಂಟು.

ಇದರ ತುದಿ ಎಲ್ಲಿಗೆ ಮುಟ್ಟಿತೆಂದರೆ, 2011ರಲ್ಲಿ ಎಎಂಡಿ ಕಂಪನಿಯ ಪ್ರೊಸೆಸರೊಂದನ್ನು ದ್ರವ ಹೀಲಿಯಂ ಸುರಿದು ತಣಿಸಿ 8.429 ಗಿಗಾಹರ್ಟ್ಸ್ ವೇಗದ ವಿಶ್ವದಾಖಲೆ ಮಾಡಲಾಯಿತು. ಹೀಲಿಯಂ ಭೂಮಿಯ ಒಡಲಿನಲ್ಲಿ ಕೋಟ್ಯಂತರ ವರ್ಷ ಸಂಗ್ರಹವಾಗಿ ದೊರೆಯುವ ಅನಿಲ. ಒಮ್ಮೆ ಹೊರಬಿದ್ದರೆ ಬಾನಿಗೇರಿ ಕಳೆದುಹೋಗುತ್ತದೆ. ಸ್ವಲ್ಪ ಹೊತ್ತಿನ ವೇಗಕ್ಕಾಗಿ ಅದನ್ನು ಚೆಲ್ಲಿದ್ದು ಕೈಚಳಕದ ಪ್ರದರ್ಶನವಾಗಬಹುದು, ಮಾದರಿಯಾಗಲಾರದು.

ಇವರ ನಡುವೆಯೇ ಇನ್ನೊಂದು ಪಂಗಡವಿತ್ತು. 2000ದ ಈಚಿನ ವರ್ಷಗಳಲ್ಲಿ ಫ್ಯಾನುಗಳ ಗದ್ದಲಕ್ಕೆ ಬೇಸತ್ತ ಇವರು ನಿಶ್ಶಬ್ದವನ್ನು ಹುಡುಕಿ ಹೊರಟರು. 12 ವೋಲ್ಟಿನ ಫ್ಯಾನನ್ನು 7 ವೋಲ್ಟಿಗೆ ಜೋಡಿಸಿ ನಿಧಾನವಾಗಿ ತಿರುಗಿಸಿದರು. ಫ್ಯಾನಿನ ವೇಗ ಅರ್ಧವಾದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ, ಆದರೆ ಅದಕ್ಕೆ ಬೇಕಾದ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ, ಸದ್ದು ಅಡಗುತ್ತದೆ. ಗಾಳಿ ಕಡಿಮೆಯಾದರೆ ಪ್ರೊಸೆಸರ್ ಕಾಯುವುದಿಲ್ಲವೇ? ಅದಕ್ಕವರು ಕಂಡುಕೊಂಡ ಉತ್ತರವೇ ಮುಖ್ಯವಾದುದು. ಬಿಸಿಯನ್ನು ಓಡಿಸುವ ಬದಲು ಬಿಸಿ ಹುಟ್ಟುವುದನ್ನೇ ತಗ್ಗಿಸಿದರು, ಅಂದರೆ ಪ್ರೊಸೆಸರಿಗೆ ಕೊಡುವ ವೋಲ್ಟೇಜನ್ನು ಇಳಿಸಿದರು.

ಇದರ ಲೆಕ್ಕ ಪಿಯುಸಿ ವಿದ್ಯಾರ್ಥಿಗೆ ನಿಲುಕುವಂಥದು. ಪ್ರೊಸೆಸರಿನ ದುಡಿಮೆಗೆ ತಗಲುವ ಶಕ್ತಿ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿಗೆ ಅದರ ವರ್ಗದ ಅನುಪಾತದಲ್ಲಿ ಏರುತ್ತದೆ. ವೋಲ್ಟೇಜನ್ನು ಶೇಕಡಾ 10ರಷ್ಟು ಇಳಿಸಿದರೆ ಶಕ್ತಿ 0.9ರ ವರ್ಗಕ್ಕೆ, ಅಂದರೆ 0.81ಕ್ಕೆ ಇಳಿಯುತ್ತದೆ. ವೇಗದಲ್ಲಿ ಚೂರೂ ಕಳೆದುಕೊಳ್ಳದೆ ಶೇಕಡಾ 19ರಷ್ಟು ಉಳಿತಾಯ. ತಯಾರಕರು ಎಲ್ಲ ಬಿಲ್ಲೆಗಳೂ ಎಲ್ಲ ಸಂದರ್ಭದಲ್ಲೂ ತಡೆಯಿಲ್ಲದೆ ಓಡಲೆಂದು ತುಸು ಹೆಚ್ಚು ವೋಲ್ಟೇಜನ್ನೇ ನಿಗದಿ ಮಾಡಿರುತ್ತಾರೆ. ಆ ಹೆಚ್ಚುವರಿಯಲ್ಲಿ ಸ್ವಲ್ಪವನ್ನು ಹಿಂತೆಗೆಯಲು ಬಹಳಷ್ಟು ಯಂತ್ರಗಳಲ್ಲಿ ಅವಕಾಶವಿರುತ್ತದೆ.

ಉದ್ಯಮ ಕಲಿತು ಮರೆತ ಪಾಠ

ಹವ್ಯಾಸಿಗಳು ಅರಿತದ್ದನ್ನು ಉದ್ಯಮವೂ ಒಂದು ದಿನ ಅರಿಯಬೇಕಾಯಿತು. ಹೀಗೆಯೇ ಮುಂದುವರಿದರೆ ಚಿಪ್ಪಿನ ಶಾಖಸಾಂದ್ರತೆ ದಶಕದೊಳಗೆ ಅಣುಸ್ಥಾವರದ ಒಡಲಿನ ಮಟ್ಟ ಮುಟ್ಟೀತೆಂದು ಇಂಟೆಲ್ ಕಂಪನಿಯ ಪ್ಯಾಟ್ ಗೆಲ್ಸಿಂಗರ್ 2001ರಲ್ಲಿಯೇ ಎಚ್ಚರಿಸಿದ್ದರು. ಆದರೂ ಓಟ ನಿಲ್ಲಲಿಲ್ಲ. 2004ರಲ್ಲಿ ಬಂದ ಪೆಂಟಿಯಂ 4ರ ಹೊಸ ತಳಿಯ ಶಾಖ 100 ವ್ಯಾಟ್ ದಾಟಿತು. 4 ಗಿಗಾಹರ್ಟ್ಸ್ ತಲುಪುವ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಗಡಿಯಾರದ ವೇಗದಲ್ಲಿ ಹಿಂದೆ ಸರಿದಿತ್ತು, 65 ವ್ಯಾಟಿಗೆ ಇಳಿದಿತ್ತು, ಹಾಗಿದ್ದೂ ಹಳೆಯದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿತ್ತು.

ಪಾಠ ಬಹುಕಾಲ ನೆನಪಿನಲ್ಲಿ ಉಳಿಯಲಿಲ್ಲ. ಕೂಲರುಗಳು ದೊಡ್ಡದಾದಂತೆ ಪ್ರೊಸೆಸರುಗಳ ಹಸಿವೂ ಹಿಗ್ಗಿತು. 2022ರಲ್ಲಿ ಬಂದ ಮೇಲ್ದರ್ಜೆಯ ಪ್ರೊಸೆಸರ್ ಒಂದರ ಗರಿಷ್ಠ ಬಳಕೆ 253 ವ್ಯಾಟ್. 2024ರಲ್ಲಿ ಅದೇ ಪೀಳಿಗೆಯ ಯಂತ್ರಗಳು ಅಲ್ಲಲ್ಲಿ ಕುಸಿಯತೊಡಗಿದಾಗ, ಅಗತ್ಯಕ್ಕಿಂತ ಹೆಚ್ಚಿದ ವೋಲ್ಟೇಜೇ ಮೂಲವೆಂದು ಇಂಟೆಲ್ ಒಪ್ಪಿಕೊಂಡು ಖಾತರಿಯ ಅವಧಿಯನ್ನು 2 ವರ್ಷ ವಿಸ್ತರಿಸಿತು. ವೇಗಕ್ಕಾಗಿ ಉಣಿಸಿದ ವೋಲ್ಟೇಜು ಆಯುಸ್ಸನ್ನು ತಿಂದಿತ್ತು.

ಕರ್ನಾಟಕದ ಓದುಗರಿಗೆ ಈ ತರ್ಕ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಅಸ್ತ್ರ ಒಲೆ ಬಂತು. ಹೆಚ್ಚು ಸೌದೆ ಎಲ್ಲಿಂದ ತರುವುದು ಎಂದು ಆ ಒಲೆಯ ವಿನ್ಯಾಸಕಾರರು ಕೇಳಲಿಲ್ಲ. ಅನ್ನ ಬೇಯಲು ಎಷ್ಟು ಉರಿ ಸಾಕು ಎಂದು ಕೇಳಿದರು. ಉರಿಯನ್ನು ಮುಚ್ಚಿ, ಗಾಳಿಯನ್ನು ಹಿಡಿತಕ್ಕೆ ತಂದು, ಒಂದೇ ಬೆಂಕಿಗೆ ಮೂರು ಪಾತ್ರೆ ಕೂರಿಸಿದರು. ರಾಜ್ಯದ ವಿದ್ಯುತ್ ಯೋಜನೆಗಳ ಬಗ್ಗೆಯೂ ರೆಡ್ಡಿಯವರು ಎತ್ತಿದ ಪ್ರಶ್ನೆ ಅದೇ ಬಗೆಯದು. 1987ರಲ್ಲಿ ಸರಕಾರದ ಸಮಿತಿಯೊಂದು ಮುಂದಿನ ಬೇಡಿಕೆಯನ್ನು ಅಂದಾಜು ಮಾಡಿದಾಗ, ಜನರಿಗೆ ಬೇಕಾದದ್ದು ವಿದ್ಯುತ್ತಲ್ಲ, ಅದು ಕೊಡುವ ಬೆಳಕು, ನೀರು, ದುಡಿಮೆ ಎಂದು ಅವರು ವಾದಿಸಿದರು. ಬಳಕೆಯ ತುದಿಯಲ್ಲಿ ದಕ್ಷತೆ ತಂದರೆ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕೆಂದು ಲೆಕ್ಕ ಕಟ್ಟಿ ತೋರಿಸಿದರು.

ಪ್ರೊಸೆಸರಿನ ವೋಲ್ಟೇಜು ಇಳಿಸುವ ವಿದ್ಯಾರ್ಥಿ ಮಾಡುವುದೂ ಅದನ್ನೇ. ಅವನಿಗೆ ಬೇಕಾದದ್ದು ಬರೆದ ವರದಿ, ಬಿಡಿಸಿದ ನಕ್ಷೆ, ನೋಡಿದ ಪಾಠ. ವ್ಯಾಟು ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಊರು ಬಿಟ್ಟವರ ಮೊಮ್ಮಕ್ಕಳಿಗೆ, ಒಂದು ವ್ಯಾಟನ್ನು ಬಿಸಿಯಾಗಿ ಚೆಲ್ಲುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಲೆನಾಡಿನ ಮದ್ದು

ಮದ್ದಿಗಿಂತ ಮೊದಲು ನಾಡಿ ನೋಡಬೇಕು. ಪ್ರೊಸೆಸರಿನ ತಾಪಮಾನ ಮತ್ತು ವೇಗವನ್ನು ತೋರಿಸುವ ಉಚಿತ ತಂತ್ರಾಂಶಗಳು ಸುಲಭವಾಗಿ ಸಿಗುತ್ತವೆ. ಸುಮ್ಮನೆ ಕೂತ ಯಂತ್ರ 35ರಿಂದ 50 ಡಿಗ್ರಿಯೊಳಗೆ, ದುಡಿಯುವ ಯಂತ್ರ 70ರಿಂದ 85ರ ಆಸುಪಾಸಿನಲ್ಲಿ ಇದ್ದರೆ ಚಿಂತೆಯಿಲ್ಲ. ಸಣ್ಣ ಕೆಲಸಕ್ಕೇ 95 ಮುಟ್ಟಿ ವೇಗ ದಡಕ್ಕನೆ ಬೀಳುತ್ತಿದ್ದರೆ ಅದು ಜ್ವರ. ತಾಪಮಾನ ತಗ್ಗಿಯೇ ಇದ್ದು ಯಂತ್ರ ನಿಧಾನವಾಗಿದ್ದರೆ ಕಾರಣ ಬೇರೆ. ನೆನಪಿನ ಕೊರತೆಯೋ, ಹಾರ್ಡ್ ಡಿಸ್ಕಿನ ತೊಂದರೆಯೋ ಇರಬಹುದು. ಈ ಒಂದು ಅಳತೆ ಅರ್ಧ ರೋಗನಿದಾನ ಮಾಡುತ್ತದೆ.

ಮೊದಲನೆಯ ಮದ್ದು ಶುಚಿ. ಘಟ್ಟದ ಮೇಲಿನ ಮನೆಗಳಲ್ಲಿ ಯಂತ್ರದೊಳಗೆ ಸೇರುವುದು ಬಯಲುಸೀಮೆಯ ಒಣ ಧೂಳಲ್ಲ. ಬಚ್ಚಲೊಲೆಯ ಹೊಗೆ, ಅಡಿಕೆ ಒಣಗಿಸುವಾಗಿನ ಪುಡಿ, ಮಳೆಗಾಲದ ತೇವ ಮೂರೂ ಕೂಡಿ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಅಂಟಂಟಾದ ಕಂಬಳಿ ನೇಯುತ್ತವೆ. ಯಂತ್ರವನ್ನು ಆರಿಸಿ, ವೈರು ಕಿತ್ತು, ಲ್ಯಾಪ್‌ಟಾಪಾದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ, ಮೆತ್ತನೆಯ ಬಣ್ಣದ ಕುಂಚದಿಂದ ಅದನ್ನು ತೆಗೆಯಬೇಕು. ಗಾಳಿ ಊದುವುದಿದ್ದರೆ ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು. ಉಬ್ಬಿದ ಬ್ಯಾಟರಿ ಕಂಡರೆ ಒತ್ತದೆ, ಚುಚ್ಚದೆ ಬಲ್ಲವರ ಬಳಿಗೆ ಒಯ್ಯಬೇಕು.

ಎರಡನೆಯದು ಲೇಪ. ವರ್ಷಗಳ ಕಾಲ ಕಾದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿ, ಹೊಸ ಲೇಪವನ್ನು ಸಣ್ಣ ಬಟಾಣಿ ಕಾಳಿನಷ್ಟು ಮಾತ್ರ ಇಟ್ಟು ಹೀಟ್ ಸಿಂಕನ್ನು ಸಮನಾಗಿ ಬಿಗಿಯಬೇಕು. ಹೆಚ್ಚು ಬಳಿದರೆ ಹೆಚ್ಚು ತಂಪೆಂಬುದು ತಪ್ಪು ತಿಳಿವಳಿಕೆ. ಲೇಪ ಇರುವುದು ತಗ್ಗು ತುಂಬಲೇ ಹೊರತು ಗೋಡೆ ಕಟ್ಟಲಲ್ಲ. ಹಲ್ಲುಜ್ಜುವ ಪೇಸ್ಟನ್ನು ಬಳಿದು ನೋಡುವ ಉಪಾಯ ಕೆಲವರ ಬಾಯಲ್ಲಿದೆ. ಅದರ ನೀರಂಶ ಆರಿದೊಡನೆ ಉಳಿಯುವುದು ಬರೀ ಪುಡಿ. ಹಾಗೆಯೇ ಗ್ಯಾಲಿಯಂ ಬೆರೆತ 'ದ್ರವಲೋಹ' ಲೇಪ ಅಲ್ಯೂಮಿನಿಯಂ ಲೋಹವನ್ನು ಕೊರೆದುಹಾಕುತ್ತದೆ; ಹೊಸಬರು ಅದರ ಗೊಡವೆಗೆ ಹೋಗದಿರುವುದು ಲೇಸು.

ಮೂರನೆಯದು ಗಾಳಿಯ ದಾರಿ. ಡೆಸ್ಕ್‌ಟಾಪಿನ ಪಕ್ಕದ ತಗಡನ್ನು ಕಳಚಿ, ಎದುರಿಗೊಂದು ಟೇಬಲ್ ಫ್ಯಾನು ಇಡುವುದು ಎಲ್ಲೆಡೆ ಕಾಣುವ ಪದ್ಧತಿ. ಮಲೆನಾಡಿಗೆ ಇದು ಹೊಂದದು. ತೆರೆದ ಪೆಟ್ಟಿಗೆ ಹಲ್ಲಿಗೆ ಬೆಚ್ಚನೆಯ ಮನೆ, ಇರುವೆಗೆ ಗೂಡು, ಹೊಗೆಗೆ ಹೆಬ್ಬಾಗಿಲು. ತಗಡು ಮುಚ್ಚಿಯೇ ಇರಲಿ. ಮುಂಭಾಗದಿಂದ ತಣ್ಣನೆಯ ಗಾಳಿ ಒಳಬಂದು ಹಿಂಭಾಗದಿಂದ ಬಿಸಿ ಹೊರಹೋಗುವಂತೆ ಒಳಗಿನ ವೈರುಗಳನ್ನು ಒತ್ತಟ್ಟಿಗೆ ಕಟ್ಟಿ, ಗಾಳಿ ಒಳಬರುವ ಜಾಗಕ್ಕೆ ಹಳೆಯ ಸೊಳ್ಳೆಪರದೆಯ ತುಂಡನ್ನು ಬಿಗಿದು ತಿಂಗಳಿಗೊಮ್ಮೆ ತೊಳೆದರೆ ಸಾಕು. ಲ್ಯಾಪ್‌ಟಾಪನ್ನು ಹಾಸಿಗೆ, ಕಂಬಳಿಗಳ ಮೇಲಿಡದೆ, ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದರೆ ಅಡಿಯ ಕಿಂಡಿಗಳು ಉಸಿರಾಡುತ್ತವೆ. ಗಾಳಿಯಿಂದ ತಣಿಯುವ ಯಂತ್ರ ಕೋಣೆಗಿಂತ ತಂಪಾಗಲಾರದು. ರಾಯಚೂರಿನ 40 ಡಿಗ್ರಿಯ ಮಧ್ಯಾಹ್ನಕ್ಕೂ ಆಗುಂಬೆಯ 25 ಡಿಗ್ರಿಯ ಮಧ್ಯಾಹ್ನಕ್ಕೂ ಇರುವ ಅಂತರ ಬೆಟ್ಟ ತನ್ನ ಮಕ್ಕಳಿಗೆ ಕೊಟ್ಟ ಬಿಟ್ಟಿ ಕೂಲರು.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಉರಿಯನ್ನೇ ತಗ್ಗಿಸುವುದು. ಇದಕ್ಕೆ ಸ್ಕ್ರೂಡ್ರೈವರೂ ಬೇಡ. ಇಂದಿನ ಪ್ರೊಸೆಸರುಗಳು 'ಟರ್ಬೊ' ಎಂಬ ಹೆಸರಿನಲ್ಲಿ ಕೊನೆಯ ತುತ್ತು ವೇಗಕ್ಕಾಗಿ ವೋಲ್ಟೇಜನ್ನು ವಿಪರೀತ ಏರಿಸುತ್ತವೆ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಬಹಳಷ್ಟು ಯಂತ್ರಗಳಲ್ಲಿ ಟರ್ಬೊ ನಿಲ್ಲುತ್ತದೆ. ಲಿನಕ್ಸಿನಲ್ಲಿ ಮಿತಬಳಕೆಯ ಆಯ್ಕೆ ಒತ್ತಿದರಾಯಿತು. ಬರವಣಿಗೆ, ಓದು, ವಿಡಿಯೊ ಪಾಠಗಳಲ್ಲಿ ವ್ಯತ್ಯಾಸ ಹೆಚ್ಚಾಗಿ ಗೊತ್ತಾಗುವುದಿಲ್ಲ. ತಾಪಮಾನ ಮಾತ್ರ ಇಳಿದಿರುತ್ತದೆ. ವೋಲ್ಟೇಜನ್ನು ನೇರವಾಗಿ ಇಳಿಸಲು ಅವಕಾಶವಿರುವ ಯಂತ್ರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಪ್ರತಿ ಮೆಟ್ಟಿಲಿನಲ್ಲೂ ಕೆಲವು ಗಂಟೆ ದುಡಿಸಿ ನೋಡಬೇಕು, ಯಂತ್ರ ತಡವರಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ಮುಖ್ಯ ಕಡತಗಳ ನಕಲನ್ನು ಮೊದಲೇ ಬೇರೆಡೆ ಇಟ್ಟುಕೊಂಡಿರಬೇಕು.

ಬೇಡದ ಮದ್ದು

ತಂಪೆಂದರೆ ಎಲ್ಲವೂ ಒಳ್ಳೆಯದಲ್ಲ. ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಕಾಯುವ ಪೆಲ್ಟಿಯರ್ ಬಿಲ್ಲೆಗಳು ಅಗ್ಗವಾಗಿ ಸಿಗುತ್ತವೆ. ಅವನ್ನು ಪ್ರೊಸೆಸರಿಗೆ ಅಂಟಿಸುವ, ಯಂತ್ರದ ಬಳಿ ಮಂಜುಗಡ್ಡೆ ಇಡುವ ಪ್ರಯೋಗಗಳು ವಿದ್ಯಾರ್ಥಿಗಳನ್ನು ಸೆಳೆಯುತ್ತವೆ. ಆಷಾಢ, ಶ್ರಾವಣಗಳಲ್ಲಿ ಗೋಡೆಯೇ ಬೆವರುವ ಸೀಮೆಯಲ್ಲಿ ಇದು ಅಪಾಯ. ಗಾಳಿಯ ತೇವ ಶೇಕಡಾ 90ರ ಹತ್ತಿರವಿದ್ದಾಗ, ಕೋಣೆಗಿಂತ ಎರಡು ಮೂರು ಡಿಗ್ರಿ ತಂಪಾದ ಯಾವ ಮೈಮೇಲಾದರೂ ನೀರು ಹನಿಗಟ್ಟುತ್ತದೆ. ಮದರ್‌ಬೋರ್ಡಿನ ಮೇಲೆ ಇಬ್ಬನಿ ಬಿದ್ದರೆ ಜ್ವರದ ಜೊತೆ ಯಂತ್ರವೂ ಹೋಗುತ್ತದೆ. ಅದಲ್ಲದೆ ಪೆಲ್ಟಿಯರ್ ತಾನು ಸಾಗಿಸುವ ಶಾಖದ ಜೊತೆಗೆ ತನ್ನದೇ ಶಾಖವನ್ನೂ ಸೇರಿಸುತ್ತದೆ. ಬೆಂಕಿ ಆರಿಸಲು ಇನ್ನೊಂದು ಒಲೆ ಹೊತ್ತಿಸಿದಂತೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ತಣ್ಣಗಾದ ಯಂತ್ರವನ್ನು ಕಂಡೊಡನೆ ಇನ್ನಷ್ಟು ವೇಗವಾಗಿ ಓಡಿಸುವ ಆಸೆ ಮೂಡುತ್ತದೆ. ಉಳಿಸಿದ ಸೌದೆಯಿಂದ ಇನ್ನೊಂದು ಹಂಡೆ ನೀರು ಕಾಯಿಸಿದರೆ ಕಾಡಿಗೇನು ಲಾಭ? ಸೆಲೆರಾನ್ 300ಎ ಕಾಲದಿಂದ 253 ವ್ಯಾಟಿನ ಕಾಲದವರೆಗೆ ನಡೆದುಬಂದದ್ದು ಇದೇ. ಪ್ರತಿ ಹೊಸ ಕೂಲರೂ ಹೊಸ ಉರಿಗೆ ಪರವಾನಗಿಯಾಯಿತು. ಸಿಕ್ಕ ತಂಪನ್ನು ವೇಗಕ್ಕೆ ಖರ್ಚು ಮಾಡುವುದೋ, ಆಯುಸ್ಸಿಗೆ ಕೂಡಿಡುವುದೋ ಎಂಬುದೇ ಇಲ್ಲಿಯ ನಿಜವಾದ ಆಯ್ಕೆ.

ಆಯುಸ್ಸಿನ ಲೆಕ್ಕ

ಆಯುಸ್ಸಿಗೆ ಕೂಡಿಟ್ಟರೆ ಬರುವ ಲಾಭ ಸಣ್ಣದಲ್ಲ. ಮದರ್‌ಬೋರ್ಡಿನ ಮೇಲಿರುವ ಎಲೆಕ್ಟ್ರೊಲಿಟಿಕ್ ಕ್ಯಾಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಇಳಿಕೆಗೆ ಸುಮಾರು ಇಮ್ಮಡಿಯಾಗುತ್ತದೆಂಬುದು ಎಂಜಿನಿಯರರ ಸಾಮಾನ್ಯ ಲೆಕ್ಕ. ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿಯೂ ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ.

ವಿದ್ಯುತ್ತಿನ ಉಳಿತಾಯವನ್ನೂ ಪ್ರಾಮಾಣಿಕವಾಗಿ ನೋಡಬೇಕು. 30 ಡೆಸ್ಕ್‌ಟಾಪುಗಳಿರುವ ಕಾಲೇಜಿನ ಪ್ರಯೋಗಾಲಯದಲ್ಲಿ ಯಂತ್ರಕ್ಕೆ 20 ವ್ಯಾಟಿನಂತೆ, ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ ಉಳಿಸಿದರೆ 720 ಯೂನಿಟ್ ಆಗುತ್ತದೆ. ಒಂದು ಲ್ಯಾಪ್‌ಟಾಪಿನ ಮಟ್ಟಿಗೆ ಅದು ಅಲ್ಪವೇ. ದೊಡ್ಡ ಲಾಭವಿರುವುದು ಬೇರೆಡೆ. ಲ್ಯಾಪ್‌ಟಾಪೊಂದು ತನ್ನ ಬಾಳಿನಲ್ಲಿ ಭೂಮಿಯ ಮೇಲೆ ಹೊರಿಸುವ ಇಂಗಾಲದ ಹೊರೆಯಲ್ಲಿ ಬಹುಪಾಲು ಅದು ಅಂಗಡಿಗೆ ಬರುವ ಮೊದಲೇ, ಗಣಿ ಮತ್ತು ಕಾರ್ಖಾನೆಗಳಲ್ಲಿ ಮುಗಿದಿರುತ್ತದೆ ಎಂಬುದು ತಯಾರಕರ ವರದಿಗಳಲ್ಲಿಯೇ ಕಾಣುತ್ತದೆ. ನಾಲ್ಕು ವರ್ಷಕ್ಕೆ ಎಸೆಯುವ ಯಂತ್ರವನ್ನು ಎಂಟು ವರ್ಷ ಬಾಳಿಸಿದರೆ ಆ ಹೊರೆ ವರ್ಷದ ಲೆಕ್ಕದಲ್ಲಿ ಅರ್ಧವಾಗುತ್ತದೆ. ಯಾವ ಹೊಸ 'ಹಸಿರು' ಲ್ಯಾಪ್‌ಟಾಪೂ ಇದಕ್ಕೆ ಸಾಟಿಯಾಗಲಾರದು.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಹುಟ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಯಾದ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಒಂದು ಪಾಲು ಗುಜರಿಯ ಚೀಲಗಳಲ್ಲಿ ನಗರ ಸೇರಿ, ತಾಮ್ರಕ್ಕಾಗಿ ವೈರು ಸುಡುವವರ, ಆಮ್ಲದಲ್ಲಿ ಬೋರ್ಡು ತೊಳೆಯುವವರ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಟ್ಟದ ಊರಿನವರು ಎಸೆದ ಯಂತ್ರ ಬೆಟ್ಟದಲ್ಲಿ ಹೊಗೆಯಾಗದೆ ಬೇರೆಯವರ ಊರಿನಲ್ಲಿ ಹೊಗೆಯಾದರೆ ಅದು ಪರಿಹಾರವಲ್ಲ.

ಎರಡು ಆಕ್ಷೇಪಗಳು

ಒಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಸುಮಾರು 415 ಟೆರಾವ್ಯಾಟ್ ಗಂಟೆ, ಅಂದರೆ 41,500 ಕೋಟಿ ಯೂನಿಟ್ ವಿದ್ಯುತ್ ಬಳಸಿದವು. ಅದು ಜಗತ್ತಿನ ಬಳಕೆಯ ಶೇಕಡಾ 1.5ರಷ್ಟು. ಅವುಗಳಲ್ಲಿ ಅನೇಕವು ತಣಿಯಲು ನೀರನ್ನೂ ಆವಿಯಾಗಿಸುತ್ತವೆ. ಹೀಗಿರುವಾಗ ಹಳ್ಳಿಯ ಒಂದು ಲ್ಯಾಪ್‌ಟಾಪಿನ ಧೂಳು ಒರೆಸುವುದರಿಂದ ಏನಾದೀತು? ಧೂಳು ಒರೆಸುವುದರಿಂದ ಡೇಟಾ ಸೆಂಟರು ತಣಿಯುವುದಿಲ್ಲ, ನಿಜ. ಆದರೆ ಶಾಖವೆಂದರೇನು, ಅದು ಎಲ್ಲಿ ಹುಟ್ಟುತ್ತದೆ, ಅದನ್ನು ಓಡಿಸಲು ಏನು ತೆರಬೇಕಾಗುತ್ತದೆ ಎಂಬುದನ್ನು ತನ್ನ ಮೇಜಿನ ಮೇಲೆ ಅಳೆದು ನೋಡಿದ ವಿದ್ಯಾರ್ಥಿ, ನಾಳೆ ಅಂಥ ಕೇಂದ್ರವೊಂದು ತನ್ನ ಜಿಲ್ಲೆಯ ನೀರು ಕೇಳಿ ಬಂದಾಗ ಸರಿಯಾದ ಪ್ರಶ್ನೆ ಕೇಳಬಲ್ಲ.

ಇನ್ನೊಂದು ಆಕ್ಷೇಪ ಖಾತರಿಯದು. ಮುಚ್ಚಳ ತೆರೆದರೆ ಕಂಪನಿಯವರು ಒಪ್ಪುವುದಿಲ್ಲ ಎಂಬ ಭಯ ಸಹಜ. ಖಾತರಿ ಇರುವವರೆಗೆ ಅವರಿಂದಲೇ ಶುಚಿ ಮಾಡಿಸಿಕೊಳ್ಳುವುದು ಸರಿ. ಅದು ಮುಗಿದ ಮೇಲೂ ಯಂತ್ರ ತೆರೆಯಬಾರದೆಂಬ ಭಾವನೆಯನ್ನು ಬಿತ್ತುವುದು, ಬ್ಯಾಟರಿಯನ್ನು ಅಂಟಿಸಿ ಕಳಚಲಾಗದಂತೆ ಮಾಡುವುದು ವ್ಯಾಪಾರದ ತಂತ್ರ. 2019ರ ಡಿಸೆಂಬರಿನಲ್ಲಿ ವೋಲ್ಟೇಜ್ ನಿಯಂತ್ರಣದ ದಾರಿಯಿಂದ ರಹಸ್ಯ ಕದಿಯಬಹುದಾದ 'ಪ್ಲಂಡರ್‌ವೋಲ್ಟ್' ಎಂಬ ಲೋಪ ಬಯಲಾದಾಗ, ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ದಾರಿಗೇ ಬೀಗ ಬಿತ್ತು. ಭದ್ರತೆಯ ಕಾರಣ ನಿಜವಾದದ್ದೇ. ಆದರೆ ಮನೆಯ ಒಡೆಯನಿಗೂ ಕೀಲಿಕೈ ಉಳಿಸಬೇಕಿತ್ತೆಂದು ಕೇಳುವ ಹಕ್ಕು ಯಂತ್ರ ಕೊಂಡವರಿಗಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗಲೂ ಗಟ್ಟಿಮುಟ್ಟಾದ ಅಸಂಖ್ಯ ಯಂತ್ರಗಳು ಒಂದೇ ದಿನದಲ್ಲಿ 'ಹಳೆಯವು' ಎನಿಸಿದವು. ಅವುಗಳಲ್ಲಿ ಬಹಳಷ್ಟು ಯಂತ್ರಗಳು ಲಿನಕ್ಸ್ ಹಾಕಿಕೊಂಡು ಇನ್ನೂ ವರ್ಷಗಟ್ಟಲೆ ದುಡಿಯಬಲ್ಲವು.

ಕಸಿ ಕಟ್ಟುವುದನ್ನು ಕಲಿಸುವ ಶಿಬಿರ ನಡೆಯುವ ಹಳ್ಳಿಗಳಲ್ಲಿ ಯಂತ್ರ ತಣಿಸುವ ಶಿಬಿರ ಏಕೆ ನಡೆಯಬಾರದು? ಒಂದು ಸ್ಕ್ರೂಡ್ರೈವರ್ ಜೊತೆ, ಒಂದು ಕುಂಚ, ಕೆಲವು ನೂರು ರೂಪಾಯಿಯ ಲೇಪ, ತಾಪಮಾನ ಬರೆದಿಡಲು ಒಂದು ನೋಟ್ ಪುಸ್ತಕ, ಇಷ್ಟೇ ಬಂಡವಾಳ. ದಸರಾ ರಜೆಯಲ್ಲಿ ಕಾಲೇಜಿನ ಪ್ರಯೋಗಾಲಯ ತೆರೆದರೆ ಎರಡು ದಿನದಲ್ಲಿ ಹತ್ತು ಮಂದಿ ಈ ಕೆಲಸ ಕಲಿಯುತ್ತಾರೆ. ಆ ಹತ್ತು ಮಂದಿ ತಮ್ಮ ಊರಿನ ಶಾಲೆಯ, ಪಂಚಾಯ್ತಿಯ, ಸೊಸೈಟಿಯ ಯಂತ್ರಗಳನ್ನು ತೆರೆದು ನೋಡುತ್ತಾರೆ. ಪ್ರತಿ ವರ್ಷ ಆಯುಧಪೂಜೆಯ ದಿನ ಗಣಕಯಂತ್ರಕ್ಕೂ ಕುಂಕುಮ ಹಚ್ಚಿ ಹೂವು ಏರಿಸುವ ರೂಢಿ ಇದೆ. ಹಿಂದಿನ ದಿನವೇ ಅದರ ಮುಚ್ಚಳ ಬಿಚ್ಚಿ ಧೂಳು ತೆಗೆದಿದ್ದರೆ ಪೂಜೆ ಸಾರ್ಥಕವಾದೀತು.

ಅದಕ್ಕೂ ಮೊದಲು ಆಗಬೇಕಾದದ್ದು ಇನ್ನೂ ಸಣ್ಣದು. ಯಾವ ಅಂಗಡಿಯಲ್ಲೇ ಆಗಲಿ, ಯಾವ ಕಚೇರಿಯಲ್ಲೇ ಆಗಲಿ, "ಇದು ಹಳೇದಾಯ್ತು" ಎಂಬ ಮಾತು ಬಂದೊಡನೆ ಒಂದು ಮರುಪ್ರಶ್ನೆ ಕೇಳುವುದು: "ಎಷ್ಟು ಡಿಗ್ರಿ ಇದೆ, ನೋಡಿದಿರಾ?"